ಇಲಿ ಬಿದ್ದ ಓಣಿ

೧೯೨೭ ನವೆಂಬರ್ ೬, ರವಿವಾರ

ಕಾಂಪೌಂಡು ಬಿಟ್ಟು ಬಂದು ಇಂದಿಗೆ ಐದು ದಿನ. ಮಿಶನ್ ಕಾಂಪೌಂಡಿನಲ್ಲೇ ಹುಟ್ಟಿ, ಅಲ್ಲೇ ಓದಿ, ಅಲ್ಲೇ ಮದುವೆಯಾಗಿ, ಅಲ್ಲೇ ಗಂಡನನ್ನು ಮಣ್ಣಿಗಿಟ್ಟವಳು ನಾನು. ಮೂವತ್ತಾರು ವರ್ಷ ಕ್ರೈಸ್ತರ ನಡುವೆ ಕ್ರೈಸ್ತಳಾಗಿದ್ದುದರಲ್ಲಿ ಏನು ದೊಡ್ಡಸ್ತಿಕೆ? ನಮ್ಮ ಹಾಡು ನಾವೇ ಹಾಡಿ ನಾವೇ ಕೇಳಿ ಸಾಕಾಗಿತ್ತು. ಹಳೇ ಹುಬ್ಬಳ್ಳಿಯ ಕಲಾಯಿಗಾರ ಓಣಿಯಲ್ಲಿ ಎರಡು ಖೋಲಿ ಹಿಡಿದಿದ್ದೇನೆ. ನಾನು ಕಲಿಸುವ ಹೆಣ್ಣುಮಕ್ಕಳ ಸಾಲೆಗೆ ಇಲ್ಲಿಂದ ಅರ್ಧ ಗಂಟೆಯ ದಾರಿ.

ಪಾದ್ರಿಗಳಿಗೆ ಮನಸ್ಸಿರಲಿಲ್ಲ. "ಎಸ್ತೇರಬಾಯಿ, ಒಬ್ಬಾಕಿ ಹೆಣ್ಣಮಗಳು ಹೊರಗ ಇರೂದು ಛಲೋ ಅಲ್ಲ. ವಾರಕ್ಕೊಮ್ಮೆ ಹೋಗಿ ಸುವಾರ್ತೆ ಹೇಳಿ ಬಂದ್ರ ಸಾಲದೇನು?" ಎಂದರು. "ಸಾಲೂದಿಲ್ರಿ" ಎಂದೆ. ಹೇಳಿ ಬರುವುದು ಬೇರೆ, ಅವರ ನಡುವೆ ಬಾಳಿ ತೋರಿಸುವುದು ಬೇರೆ.

ಮನೆಯ ಮಾಲಕ ಗುರುಸಿದ್ದಯ್ಯನವರು ಜೋಳದ ವ್ಯಾಪಾರಿ. ಮುಂದಿನ ಅಂಕಣದಲ್ಲಿ ಅವರು, ಹಿಂದೆ ನಾನು, ನಡುವಿನ ಅಂಗಳದ ನೆಲದೊಳಗೆ ಅವರು ಜೋಳ ತುಂಬಿಡುವ ಹಗೇವು. "ಮಾಂಸದ ಅಡಗಿ ನಡಿಯೂದಿಲ್ಲ ನೋಡ್ರಿ" ಎಂದು ಕರಾರು ಹಾಕಿದರು. ಒಪ್ಪಿದೆ. ನನ್ನದೂ ಒಂದು ಕರಾರು ಹೇಳಿದೆ: ದಿನಾ ಬೆಳಿಗ್ಗೆ ಬಾಗಿಲು ತೆರೆದು ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತೇನೆ.

"ಗಟ್ಟಿಯಾಗಿ ಯಾಕ್ರಿ? ನಿಮ್ಮ ದೇವರಿಗೆ ಕಿವಿ ಮಂದ ಏನು?"

"ದೇವರಿಗೆ ಅಲ್ರಿ, ಓಣಿಗೆ" ಎಂದೆ. ನಕ್ಕರು. ಮನುಷ್ಯ ಚುರುಕಿದ್ದಾರೆ.

ಈ ಓಣಿ ಒಂದು ವರ್ಷದಲ್ಲಿ ಬದಲಾಗಬೇಕು. ಜನ ಜಗಳಗಂಟರು, ಹೊಲಸು ಮಾಡುವವರು, ಬಾಯಿ ತೆರೆದರೆ ಸುಳ್ಳು. ನಾನೇನೂ ಹೆದರಿಲ್ಲ.

ನವೆಂಬರ್ ೧೫

ಒಂಬತ್ತು ದಿನ ಬಾಗಿಲು ತೆರೆದು ಓದಿದೆ. ಕೇಳಲು ಬಂದದ್ದು ಒಂದು ಆಡು. ಅದೂ ನನ್ನ ಸೆರಗಿನ ಅಂಚು ಜಗಿದು ಎದ್ದು ಹೋಯಿತು. ಇಂದು ಎದುರುಮನೆಯ ದಾನವ್ವ ನಳದ ಕಟ್ಟೆಯ ಮೇಲೆ ಕೇಳಿದಳು: "ಬಾಯಾರ, ಮುಂಜಾನೆದ್ದು ದಿನಾ ಯಾರಿಗೆ ಬೈತೀರಿ?"

ಸಿಟ್ಟು ಬಂತು. ಮನೆಗೆ ಬಂದ ಮೇಲೆ ನಗೆಯೂ ಬಂತು. ನಾಳೆಯಿಂದ ಸ್ವಲ್ಪ ಮೆಲ್ಲಗೆ ಓದುತ್ತೇನೆ. ಆದರೆ ಬಾಗಿಲು ಮುಚ್ಚುವುದಿಲ್ಲ.

ನವೆಂಬರ್ ೨೩

ದೇವರು ದಾರಿ ತೆರೆದ. ಪಕ್ಕದ ಮನೆಯ ಗುಲ್ಜಾರಬಿ ಸೆರಗು ಮುಖದ ಮೇಲೆ ಎಳೆದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಆಕೆಯ ಗಂಡ ದಸ್ತಗೀರಸಾಬ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವನು. ನಮ್ಮೆರಡು ಮನೆಗೆ ಒಂದೇ ಗೋಡೆ, ಒಂದೇ ಸೂರು. ಅವನ ನವಸಾಗರದ ಹೊಗೆಗೆ ನಾನು ದಿನಕ್ಕೆ ನೂರು ಸಲ ಕೆಮ್ಮುತ್ತೇನೆ.

"ಬಾಯಾರ, ನಮ್ಮ ಮಗಳು ನೂರಜಹಾನಳ ಲಗ್ನ ಸವಣೂರಾಗ ಗೊತ್ತಾಗೈತ್ರಿ. ಅಲ್ಲಿಂದ ನನಗ ಒಂದು ಪತ್ರಾ ಬರಿಯುವಷ್ಟು ಅಕಿಗೆ ಅಕ್ಷರಾ ಕಲಿಸಿಕೊಡ್ರಿ. ಅಕಿ ಸುಖಾನೋ ದುಃಖಾನೋ ನನಗ ಮಂದಿ ಬಾಯಿಲೆ ತಿಳಿಯೂದು ಬ್ಯಾಡ."

ಇಂದೇ ಸುರು ಮಾಡಿದೆ. ಕಾವಲಿಗೆ ಹುಡುಗಿಯ ಅಜ್ಜಿ, ದಸ್ತಗೀರಸಾಬನ ತಾಯಿ ಇಮಾಮಬಿ ಗೋಡೆಗೊರಗಿ ಕೂತು ಎಲೆಯಡಿಕೆ ಜಗಿಯುತ್ತಾಳೆ. ಪಾಠ ಮುಗಿದ ಮೇಲೆ ಕ್ರಿಸ್ತಸ್ವಾಮಿ ರೋಗಿಗಳನ್ನು ಗುಣಪಡಿಸಿದ ಕತೆ ಹೇಳಿದೆ. ಮುದುಕಿ ಕಣ್ಣು ಮುಚ್ಚಿಕೊಂಡೇ, "ಈಸಾ ನಬಿ ನಮಗೂ ಗೊತ್ತು ಮಗಳ. ನೀ ಹೇಳು, ಛಲೋ ಹೇಳತಿ" ಎಂದಳು. ಹೊಸ ಸುದ್ದಿ ತಂದಿದ್ದೇನೆಂದು ಬೀಗುತ್ತಿದ್ದ ನನಗೆ ಸ್ವಲ್ಪ ಮುಜುಗರವಾಯಿತು.

ಡಿಸೆಂಬರ್ ೪, ರವಿವಾರ

ಪಾದ್ರಿಗಳಿಗೆ ಇಂದು ತಲೆಯೆತ್ತಿ ವರದಿ ಕೊಟ್ಟೆ. ಗಟಾರು ಬಳಿಸಿದ್ದೇನೆ. ನೀರಿನ ಕೊಡಗಳಿಗೆ ಮುಚ್ಚಳ ಬಂದಿವೆ. ದಾನವ್ವನ ಮಗುವಿನ ಕಜ್ಜಿಯನ್ನು ದಿನಾ ಬಿಸಿನೀರಿನಿಂದ ತೊಳೆದು ಪ್ರಾರ್ಥಿಸಿದೆ, ಒಣಗಿದೆ. ನಳದ ಕಟ್ಟೆಯಲ್ಲಿ ತಂಟೆಯಾದರೆ "ಬಾಯಾರನ್ನ ಕೇಳ್ರಿ, ಅವರು ಖರೇ ಹೇಳತಾರ" ಎನ್ನುತ್ತಾರೆ. ಈ ಮಾತು ಕೇಳಿದ ದಿನ ನನಗೆ ಊಟವೇ ಬೇಕಾಗಲಿಲ್ಲ.

ಮದುವೆ ಡಿಸೆಂಬರ್ ಇಪ್ಪತ್ತೊಂಬತ್ತಕ್ಕೆ. ನಾನು ಕಲಿಸಿದವಳೆಂದು ಮದುಮಗಳ ಪಕ್ಕದಲ್ಲೇ ಕೂಡಬೇಕೆಂದು ಗುಲ್ಜಾರಬಿ ಹೇಳಿದ್ದಾಳೆ. ಕಾಂಪೌಂಡಿನ ಯಾರಿಗೂ ಇಂಥ ಕರೆ ಬಂದದ್ದಿಲ್ಲ. ಪಾದ್ರಿಗಳಿಗೆ ಇದನ್ನು ಎರಡು ಸಲ ಹೇಳಿದೆನೆಂದು ಕಾಣುತ್ತದೆ.

ಡಿಸೆಂಬರ್ ೧೫

ಸ್ಟೇಶನ್ ಕಡೆ ಇಲಿ ಬಿದ್ದಿವೆಯಂತೆ. ಊರಿಗೆ ಊರೇ ತಲೆಯೆತ್ತಿ ತನ್ನ ತನ್ನ ಜಂತಿ ನೋಡುತ್ತಿದೆ. ಇಲಿ ತಾನಾಗಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಲೆಕ್ಕ. ಮುನ್ಸಿಪಾಲಿಟಿಗೆ ತಿಳಿಸಬೇಕು. ತಿಳಿಸಿದರೆ ಇಡೀ ಓಣಿಗೆ ಬೀಗ, ಹಂಚು ತೆಗೆದು ಔಷಧಿ, ಎರಡು ಮೂರು ತಿಂಗಳು ಎಲ್ಲರೂ ಊರ ಹೊರಗೆ ಗುಡಿಸಲಿನಲ್ಲಿ. ವ್ಯಾಪಾರ ನಿಲ್ಲುತ್ತದೆ, ಮದುವೆ ನಿಲ್ಲುತ್ತದೆ. ಆದರೆ ಹೊರಗೆ ಹೋದವರು ಬದುಕುತ್ತಾರೆ. ಇದು ಚಿಕ್ಕ ಮಕ್ಕಳಿಗೂ ಗೊತ್ತು.

"ನಮ್ಮ ಓಣ್ಯಾಗ ಏನೂ ಇಲ್ರಿ" ಎಂದು ಗುರುಸಿದ್ದಯ್ಯನವರು ಯಾರೂ ಕೇಳದೆಯೇ ಎರಡು ಸಲ ಹೇಳಿದರು. ಗುಲ್ಜಾರಬಿ ಮದುಮಗಳ ರವಿಕೆಗೆ ಜರಿ ಹಚ್ಚುವುದನ್ನು ನಿಲ್ಲಿಸಿಲ್ಲ.

ಡಿಸೆಂಬರ್ ೧೮, ರವಿವಾರ

ಬೆಳಿಗ್ಗೆ ಬೀಸುವ ಕಲ್ಲಿನ ಹಿಂದೆ ಒಂದು ಇಲಿ ಬಿದ್ದಿತ್ತು.

ಚಿಮಟಿಗೆಯಿಂದ ಎತ್ತಿ ಹಿತ್ತಲಲ್ಲಿ ಹುಗಿದೆ. ಒಂದೇ ಇಲಿ. ಬೆಕ್ಕು ಕಚ್ಚಿ ಬಿಟ್ಟದ್ದಿರಬಹುದು. ಮೈಮೇಲೆ ಗಾಯ ಕಾಣಲಿಲ್ಲ, ಆದರೆ ನಾನು ಸರಿಯಾಗಿ ನೋಡಲೂ ಇಲ್ಲ. ಮದುವೆಗೆ ಹನ್ನೊಂದೇ ದಿನ. ಹೇಳಿದರೆ ಕಿರಿಸ್ತಾನದವಳ ಮನೆಯಿಂದ ಬೇನೆ ಬಂತು ಎನ್ನುತ್ತಾರೆ. ಆರು ವಾರದ ದುಡಿಮೆ ಒಂದು ಇಲಿಗೆ ಹೋಗಬೇಕೆ? ಸುಳ್ಳನ್ನೇನೂ ಹೇಳಿಲ್ಲ. ಯಾರೂ ಕೇಳಿಲ್ಲ.

ಮಿಶನ್ ಗುಡಿಯಲ್ಲಿ ತಲೆನೋವು ಬಂದು ಆರಾಧನೆಯ ನಡುವೆ ಎದ್ದು ಬಂದೆ.

ಡಿಸೆಂಬರ್ ೧೯

ನೂರಜಹಾನ ಮೊದಲ ಸಲ ಇಡೀ ಪತ್ರ ಬರೆದಳು. "ಅವ್ವಗ ಸಲಾಮ. ನಾನು ಆರಾಮ ಅದೇನಿ." ಇಮಾಮಬಿ ಆ ಕಾಗದವನ್ನು ಕಣ್ಣಿಗೊತ್ತಿಕೊಂಡಳು. ಬೇರೆ ವಿಶೇಷವಿಲ್ಲ.

ಡಿಸೆಂಬರ್ ೨೧

ಇನ್ನೊಂದು ಬಿದ್ದಿದೆ. ದಸ್ತಗೀರಸಾಬನ ಗೋಡೆಯ ಬುಡಕ್ಕೆ.

ಅದನ್ನು ಹುಗಿದು ಕೈ ತೊಳೆಯುವಾಗಲೇ ಮುನ್ಸಿಪಾಲಿಟಿಯ ಕಾರಕೂನ ಬಂದ. ಪ್ರತಿ ಮನೆ ಹೊಕ್ಕು ಜಂತಿ, ಮೂಲೆ, ಹಗೇವು ನೋಡುತ್ತಿದ್ದಾನೆ. "ಬಾಯಾರ, ಇಲಿ ಏನರ ಬಿದ್ದಾವೇನ್ರಿ?"

"ಇಲ್ರಿ" ಎಂದೆ.

ಎಷ್ಟು ಸಲೀಸಾಗಿ ಬಂತು! ಅವನು ಹೊಸ್ತಿಲು ದಾಟಲೂ ಇಲ್ಲ. "ಬಾಯಾರು ಸುಳ್ಳು ಹೇಳೂ ಪೈಕಿ ಅಲ್ಲ. ದಸ್ತಗೀರಂದೂ ನಿಮ್ದೂ ಒಂದ ಸೂರು. ಇಲ್ಲಿ ಇಲ್ಲಂದ್ರ ಅಲ್ಲೂ ಇಲ್ಲ ಬಿಡ್ರಿ" ಎಂದು ಎರಡೂ ಮನೆಯ ಮುಂದೆ ಸುಣ್ಣದ ಗುರುತು ಹಾಕಿ ಹೋದ. ನೋಡಿದ್ದೇನೆ ಎಂಬ ಗುರುತು ಅದು. ನಾನು ಖರೇ ಹೇಳುವವಳೆಂಬ ಹೆಸರು ಇಂದು ಆ ಮನೆಗೆ ಬಿದ್ದ ಪೆಟ್ಟು.

ಎಂಟು ದಿನ. ಎಂಟು ದಿನ ತಡೆದರೆ ಮದುವೆ ಮುಗಿಯುತ್ತದೆ, ನಾನೇ ಹೋಗಿ ತಿಳಿಸುತ್ತೇನೆ. ಪ್ರಾರ್ಥನೆಗೆ ಕೂತರೆ ಬಾಯಿ ಬರುತ್ತಿಲ್ಲ.

ಡಿಸೆಂಬರ್ ೨೩

ಇಮಾಮಬಿಗೆ ನಿನ್ನೆಯಿಂದ ಜ್ವರ. ಇಂದು ತೊಡೆಯ ಸಂದಿನಲ್ಲಿ ಗಡ್ಡೆ.

ಡಿಸೆಂಬರ್ ೨೪

ಇದನ್ನು ಒಂದನ್ನೂ ಬಿಡದೆ ಬರೆಯಬೇಕು.

ಬೆಳಿಗ್ಗೆ ನಳಕ್ಕೆ ನೀರು ಬರುವ ಹೊತ್ತಿಗೆ ಹೋದೆ. ಇಡೀ ಓಣಿ ಅಲ್ಲೇ ಇತ್ತು. ಅವರವರ ಕೊಡ ಒಂದಕ್ಕೊಂದು ತಾಕದಂತೆ ದೂರ ದೂರ ಇಟ್ಟುಕೊಂಡು ನಿಂತಿದ್ದರು. ಗುಲ್ಜಾರಬಿಯೂ ಇದ್ದಳು, ಅತ್ತೆಯ ಹಣೆಗೆ ತಣ್ಣೀರು ಬೇಕಾಗಿತ್ತು. ದಸ್ತಗೀರಸಾಬ ಎದುರಿಗೇ ತನ್ನ ಕಲಾಯಿ ಒಲೆಯ ಮುಂದೆ ಕೂತಿದ್ದ. ನಾನು ಕಟ್ಟೆ ಹತ್ತಿದೆ. ದಿನಾ ಗಟ್ಟಿಯಾಗಿ ಓದಿದ ದನಿ ಇಂದು ಏಳಲಿಲ್ಲ. ಇದ್ದ ದನಿಯಲ್ಲೇ ಹೇಳಿದೆ.

"ನನ್ನ ಮನ್ಯಾಗ ಎರಡು ಇಲಿ ಬಿದ್ದಾವ. ಒಂದು ಹೋದ ರವಿವಾರ, ಒಂದು ಬುಧವಾರ. ನಾ ಮುಚ್ಚಿಟ್ಟೆ. ಕಾರಕೂನಗ ಇಲ್ಲ ಅಂತ ಸುಳ್ಳು ಹೇಳಿದೆ. ಇಮಾಮಬಿಗೆ ಬಂದದ್ದು ಅದ ಬ್ಯಾನಿ. ತಪ್ಪು ನಂದು. ಇವತ್ತ ಎಲ್ಲಾರೂ ಹೊರಗ ನಡೀರಿ."

ನಳದ ನೀರು ಯಾರದೋ ಕೊಡ ತುಂಬಿ ಹೊರಗೆ ಹರಿಯುತ್ತಿತ್ತು. ಗುಲ್ಜಾರಬಿ ಮುಖದ ಮೇಲಿನ ಸೆರಗು ಸರಿಸಿ ನನ್ನನ್ನೇ ನೋಡಿದಳು.

"ರವಿವಾರ?"

"ಹೌದ್ರಿ."

"ಸೋಮವಾರ ನಮ್ಮ ಮನ್ಯಾಗ ಕುಂತು ಪಾಠಾ ಹೇಳಿದ್ರಿ. ಮಂಗಳವಾರ ಚಾ ಕುಡದ್ರಿ. ಬಾಯಿ ತುಂಬ ಮಾತಾಡಿದ್ರಿ. ಇದೊಂದು ಮಾತು ಬರಲಿಲ್ಲೇನ್ರಿ?"

"ಲಗ್ನ ನಿಲ್ಲತೈತಿ ಅಂತ..." ಎಂದೆ. ಅದೂ ಪೂರಾ ಖರೆಯಲ್ಲ. ಅಷ್ಟು ಜನರ ಮುಂದೆ ಅರ್ಧ ಒಪ್ಪಿಕೊಳ್ಳಲು ನಾಚಿಕೆಯಾಗಿ ಉಳಿದದ್ದನ್ನೂ ಹೇಳಿದೆ: "ನನ್ನ ಹೆಸರು ಕೆಡತೈತಿ ಅಂತನೂ ಅಂಜಿದೆ."

ಆಗ ಗುರುಸಿದ್ದಯ್ಯನವರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಈಗಲೇ ಮನೆ ಬಿಡಿಸುತ್ತಾರೆಂದು ಎಲ್ಲರೂ ನೋಡಿದರು, ನಾನೂ ಹಾಗೇ ತಿಳಿದೆ. ಅವರು ಕಟ್ಟೆಯ ಅಂಚಿಗೆ ಕೂತುಬಿಟ್ಟರು. "ನನ್ನ ಹಗೇವಿನ ಬಾಯಾಗ ಮೂರು ಬಿದ್ದಿದ್ದುವು. ಬಾಯಾರ ಇಲಿಗಿಂತ ಮೊದಲ. ಜ್ವಾಳ ಮುಟ್ಟುಗೋಲು ಹಾಕತಾರ ಅಂತ ಸುಟ್ಟೆ" ಎಂದರು. ದಾನವ್ವ ಅಳಲು ಸುರು ಮಾಡಿದಳು. ಅವಳ ಅಟ್ಟದ ಮೇಲೆ ಒಂದು. ಮೂಲೆಮನೆಯ ಫಕೀರಪ್ಪನಲ್ಲಿ ಎರಡು. ಮೂರು ತಲೆಮಾರಿನಿಂದ ಬೇರೆ ಬೇರೆ ಕೊಡ ಹಿಡಿದು ನಿಂತ ಜನ ಒಂದೇ ತಪ್ಪನ್ನು ಬೇರೆ ಬೇರೆ ಮನೆಯಲ್ಲಿ ಹುಗಿದಿದ್ದರು.

ಕೊನೆಗೆ ದಸ್ತಗೀರಸಾಬ ಎದ್ದ. ಹೆಂಡತಿಯ ಮುಖ ನೋಡಲಿಲ್ಲ. "ನಮ್ಮ ಮನ್ಯಾಗೂ ಬಿದ್ದಿತ್ತು. ಹೋದ ವಾರ ಶುಕ್ರವಾರ, ಬಾಯಾರ ಇಲಿಗಿಂತ ಮೊದಲ. ಕಲಾಯಿ ಒಲಿಯಾಗ ಹಾಕಿದೆ. ನೂರಜಹಾನಳ ಲಗ್ನ ಆಗಲಿ ಅಂತ."

ಗುಲ್ಜಾರಬಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಕೊಡ ಎತ್ತಿಕೊಂಡು ಒಳಗೆ ಹೋದಳು.

ಎಲ್ಲರೂ ಒಪ್ಪಿಕೊಂಡರೆಂದು ನನ್ನ ತಪ್ಪಿನ ತೂಕ ಇಳಿಯಲಿಲ್ಲ. ಅವರ ಮಾತು ನಂಬಿ ಯಾರೂ ಸುಣ್ಣದ ಗುರುತು ಹಾಕಿ ಹೋಗಿರಲಿಲ್ಲ, ನನ್ನ ಮಾತು ನಂಬಿ ಹಾಕಿದರು. ನಾನೇ ಮುನ್ಸಿಪಾಲಿಟಿಗೆ ಹೋಗಿ ತಿಳಿಸಿ ಬಂದೆ. ಸಂಜೆಯೊಳಗೆ ಓಣಿಗೆ ಬೀಗ ಬಿತ್ತು.

ಡಿಸೆಂಬರ್ ೨೭

ಕಾರವಾರ ರಸ್ತೆಯ ಪಕ್ಕದ ಬಯಲು. ಜೋಳದ ಕಣಿಕೆಯ ಗುಡಿಸಲುಗಳು. ಇಮಾಮಬಿಯನ್ನು ದೂರದ ಗುಡಿಸಲಿನಲ್ಲಿ ಮಲಗಿಸಿದ್ದರು. ಮೊದಲ ದಿನ ಗುಲ್ಜಾರಬಿ ನನ್ನನ್ನು ಹತ್ತಿರ ಬಿಡಲಿಲ್ಲ. ಎರಡನೆಯ ದಿನ ಬೇರೆ ಯಾರೂ ಬರದಿದ್ದುದರಿಂದ ಬಿಟ್ಟಳು. ಬಟ್ಟೆ ಒಗೆದೆ, ಗಡ್ಡೆಗೆ ಕಾವು ಕೊಟ್ಟೆ, ಚಮಚೆಯಿಂದ ನೀರು ಹಾಕಿದೆ. ಮುದುಕಿ ಒಮ್ಮೆ ಕಣ್ಣು ತೆರೆದು "ಕತಿ ಹೇಳು ಮಗಳ" ಎಂದಳು. ಯಾವ ಕತೆ ಹೇಳಿದೆನೋ ನೆನಪಿಲ್ಲ. ನಡುವೆ ಅಳು ಬಂದು ಕತೆ ನಿಂತಿತು.

ಇಂದು ಮಧ್ಯಾಹ್ನ ತೀರಿಕೊಂಡಳು.

ರವಿವಾರ ಕ್ರಿಸ್‌ಮಸ್ ಆಗಿತ್ತೆಂದು ಇದನ್ನು ಬರೆಯುವಾಗ ಹೊಳೆಯಿತು.

ಡಿಸೆಂಬರ್ ೩೦

ಪಾದ್ರಿಗಳು ಬಂದಿದ್ದರು. ಕಾಂಪೌಂಡಿನಲ್ಲಿ ಬೇನೆ ಇಲ್ಲ, ನನ್ನ ಹಳೆಯ ಮನೆ ಖಾಲಿ ಇದೆ, ಚಕ್ಕಡಿ ಗಾಡಿಯೂ ಬಂದಿದೆ ಎಂದರು. "ಆಗಿದ್ದಾತು ಎಸ್ತೇರಬಾಯಿ. ಇನ್ನ ಇಲ್ಲಿ ನಿಮ್ಮ ಮಾತು ಯಾರು ಕೇಳತಾರ?"

"ಕೇಳೂದಿಲ್ರಿ. ಆದ್ರ ನಮ್ಮ ಓಣಿ ಇಲ್ಲೈತಿ" ಎಂದೆ. ಹೋಗುವಾಗ ಚಕ್ಕಡಿಯಲ್ಲಿದ್ದ ಎರಡು ಕಂಬಳಿ ಇಳಿಸಿ ಹೋದರು. ದಾನವ್ವನ ಮಕ್ಕಳಿಗಾದವು.

೧೯೨೮ ಜನವರಿ ೩

ಬಯಲಿಗೆ ನೀರು ದೂರ. ದಿನಾ ಬೆಳಿಗ್ಗೆ ಒಂದು ಕೊಡ ಗುಲ್ಜಾರಬಿಯ ಗುಡಿಸಲ ಮುಂದೆ ಇಟ್ಟು ಬರುತ್ತೇನೆ. ಆಕೆ ಮಾತಾಡುವುದಿಲ್ಲ. ನೀರನ್ನು ನೆಲಕ್ಕೆ ಸುರಿದು ಖಾಲಿ ಕೊಡ ಬೋರಲು ಹಾಕುತ್ತಾಳೆ. ಇಂದೂ ಸುರಿದಳು. ನಾಳೆಯೂ ಇಡುತ್ತೇನೆ.

ಜನವರಿ ೧೧

ಪ್ಲೇಗಿನ ಸೂಜಿ ಚುಚ್ಚುವ ಡಾಕ್ಟರು ಬಂದರು. ಯಾರೂ ಮುಂದೆ ಬರಲಿಲ್ಲ. ಮೊದಲು ನಾನು ಚುಚ್ಚಿಸಿಕೊಂಡೆ. ನನ್ನನ್ನು ನೋಡಿ ಯಾರೂ ಬರಲಿಲ್ಲ, ಅವರು ಬರಬೇಕಾಗಿಯೂ ಇರಲಿಲ್ಲ. ಗುರುಸಿದ್ದಯ್ಯನವರು ತೋಳು ಚಾಚಿದ ಮೇಲೆ ಒಬ್ಬೊಬ್ಬರೇ ಬಂದರು. ಪಕ್ಕದ ಓಣಿಯವರು ತಡಮಾಡಿ ಹೊರಬಿದ್ದರು, ಅಲ್ಲಿ ಹನ್ನೊಂದು ಜನ ತೀರಿಹೋದರು. ನಮ್ಮದರಲ್ಲಿ ಇಮಾಮಬಿಯ ನಂತರ ಯಾರೂ ಇಲ್ಲ.

ಸಂಜೆ ಗುರುಸಿದ್ದಯ್ಯನವರು ನನ್ನ ಗುಡಿಸಲ ಹೊರಗೆ ಕೂತು ಕೇಳಿದರು: "ಬಾಯಾರ, ನಿಮ್ಮ ದೇವರ ಮುಂದ ತಪ್ಪು ಒಪ್ಪಿಕೊಂಡ್ರ ಮನಸ್ಸು ಹಗರ ಅಕ್ಕೈತೇನ್ರಿ?"

ಎರಡು ತಿಂಗಳ ಹಿಂದಾಗಿದ್ದರೆ ಅವರಿಗೆ ಅರ್ಧ ಗಂಟೆ ಬೋಧನೆ ಮಾಡುತ್ತಿದ್ದೆ. "ದೇವರು ಕ್ಷಮಿಸ್ಯಾನ ಅಂತ ನಂಬೇನ್ರಿ. ಹಗರ ಇನ್ನೂ ಆಗಿಲ್ಲ" ಎಂದೆ.

"ಹಂಗಾದ್ರ ನಿಮ್ಮ ಮಾತು ಖರೇ ಇರಬೇಕು" ಎಂದರು. "ಊರಾಗ ಹೋದ ಮ್ಯಾಲ ಆ ಹಗೇವು ಮುಚ್ಚಿಸಿಬಿಡತೇನಿ. ಯಾರ ಮನ್ಯಾಗ ಇಲಿ ಬಿದ್ರೂ ನಳದ ಕಟ್ಟಿ ಮ್ಯಾಲ ಒದರಿ ಹೇಳಬೇಕು, ಯಾರೂ ಬೈಯಬಾರದು ಅಂತ ಮಾತಾಡೇವಿ." ನನ್ನನ್ನು ಕೇಳದೆಯೇ ಗೊತ್ತು ಮಾಡಿದ್ದಾರೆ. ಒಳ್ಳೆಯದೇ ಆಯಿತು.

ಜನವರಿ ೨೦

ಗುಲ್ಜಾರಬಿ ಇಂದು ನೀರು ಚೆಲ್ಲಲಿಲ್ಲ. ಮುಸುರೆ ತಿಕ್ಕಲು ಬಳಸಿದಳು.

ಜನವರಿ ೨೯, ರವಿವಾರ

ಬಯಲಿನಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಅಕ್ಷರ ಹೇಳುತ್ತಿದ್ದೇನೆ, ಇಪ್ಪತ್ತೆರಡು ಜನ. ಬೆಳಗಿನ ಪ್ರಾರ್ಥನೆ ಈಗ ಮನಸ್ಸಿನಲ್ಲೇ. ದಾನವ್ವ ಬಂದು "ಯಾಕ್ರಿ ಬಾಯಾರ, ಬೈಯೂದು ಬಿಟ್ಟೀರೇನು? ಕೇಳಿ ರೂಢಿ ಆಗಿತ್ತು" ಎಂದು ಪಕ್ಕದಲ್ಲಿ ಕೂತಳು. ಹಾಗೆಂದಮೇಲೆ ಸ್ವಲ್ಪ ದನಿ ತೆಗೆದು ಪ್ರಾರ್ಥಿಸಿದೆ. ಇಮಾಮಬಿಯ ಹೆಸರು ಹೇಳಿದೆ, ದಸ್ತಗೀರಸಾಬನ ಹೆಸರನ್ನೂ ಹೇಳಿದೆ. ಅವನು ಒಲೆ ಹಚ್ಚಿಯೇ ಇಲ್ಲ. ದಿನವಿಡೀ ಕಲಾಯಿ ಕಾಣದ ಒಂದು ಪಾತ್ರೆ ಕೈಯಲ್ಲಿ ಹಿಡಿದು ಕೂತಿರುತ್ತಾನೆ.

ನೂರಜಹಾನ ದೂರ ನಿಂತು ನಮ್ಮ ಅಕ್ಷರ ನೋಡಿ ಹೋಗುತ್ತಾಳೆ. ಹತ್ತಿರ ಬರುವುದಿಲ್ಲ. ನಾನೂ ಕರೆಯುವುದಿಲ್ಲ.

ಫೆಬ್ರುವರಿ ೯, ಗುರುವಾರ

ಅಜ್ಜಿಯ ನಲವತ್ತು ದಿನ ಕಳೆದದ್ದರಿಂದ ಸವಣೂರಿನವರು ಮತ್ತೆ ತಡಮಾಡುವುದು ಬೇಡವೆಂದರಂತೆ. ನೂರಜಹಾನಳ ಮದುವೆ ಇಂದು ಬಯಲಿನಲ್ಲೇ ಆಯಿತು. ಕಣಿಕೆಯ ಚಪ್ಪರ, ಹತ್ತಿಪ್ಪತ್ತು ಜನ, ವಾದ್ಯವಿಲ್ಲ. ನಾನು ನನ್ನ ಗುಡಿಸಲಿನಲ್ಲಿ ಹರಿದ ಕಂಬಳಿ ಹೊಲಿಯುತ್ತ ಕೂತಿದ್ದೆ. ನಿಕಾಹ್ ಓದುವ ದನಿ ಕೇಳಿಸಿತು. ಆ ಹುಡುಗಿ ಸುಖವಾಗಿರಲೆಂದು ಬೇಡಿಕೊಂಡೆ. ಬೇರೆ ಏನನ್ನೂ ಕೇಳಿಕೊಳ್ಳಲು ಧೈರ್ಯವಿರಲಿಲ್ಲ.

ಬಾಗಿಲಿಗೆ ನೆರಳು ಬಿತ್ತು. ಗುಲ್ಜಾರಬಿ ನಿಂತಿದ್ದಳು. ನಲವತ್ತೇಳು ದಿನದ ಮೇಲೆ ನನ್ನೊಂದಿಗೆ ಮಾತಾಡಿದಳು.

"ಬಾಯಾರ, ನಾ ನಿಮ್ಮನ್ನ ಮಾಫ ಮಾಡಿಲ್ಲ."

"ಹೌದ್ರಿ" ಎಂದೆ.

"ನೂರಜಹಾನಳ ಅಪ್ಪಗೂ ಮಾಡಿಲ್ಲ. ದಿನಾ ರೊಟ್ಟಿ ನೀಡತೇನಿ, ಮಾಫ ಮಾಡಿಲ್ಲ. ಮುಂದ ಮಾಡತೇನೋ ಇಲ್ಲೋ ನನಗ ಗೊತ್ತಿಲ್ಲ. ಲಗ್ನದ ಮನ್ಯಾಗ ನಿಂತು ಸುಳ್ಳು ಹೇಳಬಾರದು ಅಂತ ಮೊದಲ ಹೇಳಿದೆ."

ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಸೂಜಿಯನ್ನು ಕಂಬಳಿಗೆ ಚುಚ್ಚಿಟ್ಟು ಎದ್ದು ನಿಂತೆ.

"ಅಕಿ ಅಪ್ಪಾರೂ ಊಟಕ್ಕ ಕುಂತಾರ" ಎಂದಳು. "ನೀವೂ ಬರ್ರಿ."

ಕೈ ತೊಳೆದುಕೊಂಡು ಹೋದೆ. ಹೆಂಗಸರ ಸಾಲಿನಲ್ಲಿ ನನಗೆ ಜಾಗ ಮಾಡಿ ತಾನೇ ಬಡಿಸಿದಳು. ಬಡಿಸಿದ್ದನ್ನೆಲ್ಲ ಉಂಡೆ.